ಶ್ರುತಿ ಇನ್ನೂ ಶಾಲೆಗೆ ಮರಳಿಲ್ಲ

ಒಬ್ಬಳಿಗೆ ಸಾಕಾಗುವಷ್ಟು ತಂಬುಳಿಯನ್ನು ಮಿಕ್ಸಿ ರುಬ್ಬುವುದಿಲ್ಲ. ಹಿಡಿ ಒಂದೆಲಗ, ಚೂರು ಕಾಯಿತುರಿ, ಚಿಟಿಕೆ ಜೀರಿಗೆ ಹಾಕಿ ಗುಂಡಿ ತಿರುಗಿಸಿದರೆ ಎಲ್ಲವೂ ಹಾರಿ ಜಾರಿನ ಗೋಡೆಗೆ ಅಂಟಿ ಕೂರುತ್ತದೆ. ಕೆಳಗೆ ಬ್ಲೇಡು ಬರೀ ಗಾಳಿಯನ್ನು ರುಬ್ಬುತ್ತಿರುತ್ತದೆ. ಮನೆ ಎಂದ ಮೇಲೆ ನಾಲ್ಕು ಜನ ಇದ್ದೇ ಇರುತ್ತಾರೆ ಎಂಬುದು ಮಿಕ್ಸಿ ಕಂಪನಿಯವರ ನಂಬಿಕೆ. ಸುಮತಿ ಮುಚ್ಚಳ ತೆಗೆದು, ಚಮಚದಲ್ಲಿ ಗೋಡೆ ಕೆರೆದು, ಚೂರು ನೀರು ಬಿಟ್ಟು ಮತ್ತೆ ತಿರುಗಿಸುತ್ತಿದ್ದಳು. ನಡುವೆ ಒದ್ದೆ ಬೆರಳನ್ನು ಸೆರಗಿಗೆ ಒರೆಸಿಕೊಂಡು ಮೊಬೈಲಿನಲ್ಲಿ ಒಂದೊಂದೇ ಶಬ್ದ ಬರೆಯುತ್ತಿದ್ದಳು. ತಂಬುಳಿಯೂ ನುಣ್ಣಗಾಗಬೇಕಿತ್ತು, ಬರವಣಿಗೆಯೂ ನುಣ್ಣಗಾಗಬೇಕಿತ್ತು.

ಹೊನ್ನಾವರ ದಾಟಿ ಕುಮಟೆಯ ಕಡೆ ಹೋಗುವಾಗ ಹೆದ್ದಾರಿಯಿಂದ ಎಡಕ್ಕೆ ಇಳಿದರೆ ಸಿಗುವ ಪ್ರೌಢಶಾಲೆಯಲ್ಲಿ ಸುಮತಿ ಹೆಗಡೆ ಸಂಗೀತದ ಅಕ್ಕೋರು. ಗ್ರಂಥಾಲಯದ ಅಕ್ಕೋರೂ ಅವಳೇ, ಏಕೆಂದರೆ ಸಂಗೀತಕ್ಕೂ ಪುಸ್ತಕಗಳಿಗೂ ಸೇರಿ ಇದ್ದದ್ದು ಒಂದೇ ಕೋಣೆ. ಈ ವರ್ಷದ ಆಯವ್ಯಯದಲ್ಲಿ ಶಾಲೆಯ ಆಡಳಿತ ಮಂಡಳಿ ಆ ಕೋಣೆಯನ್ನು ವ್ಯಯದ ಪಟ್ಟಿಯಿಂದ ತೆಗೆದು ಹಾಕಿತ್ತು. ಚಿತ್ರಕಲೆಯ ಮಾಸ್ತರರನ್ನು ಹೋದ ವರ್ಷವೇ ತೆಗೆದಿದ್ದರು. ಅವರೀಗ ಕುಮಟೆಯಲ್ಲಿ ಗಾಡಿಗಳಿಗೆ ನಂಬರ್ ಪ್ಲೇಟು ಬರೆಯುತ್ತಾರೆ. ಈ ವರ್ಷ ಸಂಗೀತ ಮತ್ತು ಗ್ರಂಥಾಲಯದ ಸರದಿ. ಕೋಣೆ ಸ್ಮಾರ್ಟ್ ಕ್ಲಾಸ್ ಆಗುವುದು, ಪುಸ್ತಕಗಳು ಗುಜರಿಗೆ ಹೋಗುವುದು ಎಂದು ತೀರ್ಮಾನವಾಯಿತು. ಬೀಗವೂ ಬಿತ್ತು, ಸುಮತಿಯ ಕೆಲಸವೂ ಹೋಯಿತು. ಎಂಟನೇ ತರಗತಿಯ ಹುಡುಗಿಯರು ದಾರಿಯಲ್ಲಿ ಸುಮತಿಯನ್ನು ತಡೆದು, "ಅಕ್ಕೋರೆ, ನಾವು ಅರ್ಧ ಓದಿದ್ವಲ್ಲ, ಆ ಕಥೆಲಿ ಮುಂದೆ ಎಂತ ಆತು?" ಎಂದು ಕೇಳುತ್ತಿದ್ದರು. ಸುಮತಿ ಹಾಲಿನ ಡೈರಿಯ ಮುಂದೆ ನಿಂತು ಉಳಿದರ್ಧ ಹೇಳುತ್ತಿದ್ದಳು. ಇಡೀ ದಿನದಲ್ಲಿ ಅವಳೊಡನೆ ಯಾರಾದರೂ ಆಡುತ್ತಿದ್ದ ಮಾತು ಅದೊಂದೇ.

ಹೋರಾಟ ಮಾಡಬೇಕೆಂದು ಅವಳು ನಿರ್ಧರಿಸಿದ್ದಳು. ಅದಕ್ಕೆಂದು 'ಊರ ಹಿತ' ಎಂಬ ವಾಟ್ಸಾಪ್ ಗುಂಪಿಗೆ "ಸಂಗೀತದ ತಾಸು ಮತ್ತು ಗ್ರಂಥಾಲಯವನ್ನು ಉಳಿಸಿಕೊಡಬೇಕಾಗಿ ವಿನಂತಿ" ಎಂದು ಬರೆದಳು. ಒಬ್ಬರು ಮಾತ್ರ ಹೆಬ್ಬೆರಳು ಒತ್ತಿದರು. ಅವರು ಸಾವಿನ ಸುದ್ದಿಗೂ ಹೆಬ್ಬೆರಳು ಒತ್ತುವವರು.

ತಪ್ಪು ಭಾಷೆಯದ್ದು ಎಂದು ಸುಮತಿಗೆ ಅನ್ನಿಸಿತು. ಅವಳಿಗೆ ಕಾಲೇಜಿನಲ್ಲಿ ಪ್ರಬಂಧಕ್ಕೆ ಎರಡನೇ ಬಹುಮಾನ ಬಂದಿತ್ತು. ಮೊದಲನೇ ಬಹುಮಾನ ಬಂದವರು ಮುಂದೆ ಮದುವೆ, ಮನೆ ಎಂದು ಬರೆಯುವುದನ್ನೇ ಮರೆಯುತ್ತಾರೆ. ಎರಡನೆಯದು ಬಂದವರು ಜನ್ಮಪೂರ್ತಿ ಅಲಂಕಾರ ಬಿಡುವುದಿಲ್ಲ. ಆ ಮಧ್ಯಾಹ್ನ ಅವಳು ಶಾಲೆಯ ಕಡೆ ಹೋಗಿದ್ದಾಗ ಜವಾನ ಶುಕ್ರ ಅವಳ ಕಣ್ಣೆದುರೇ ಶ್ರುತಿ ಪೆಟ್ಟಿಗೆಯನ್ನು ಗೋಣಿಚೀಲಕ್ಕೆ ಹಾಕಿ, ಇಲಿ ಹೊಗಬಾರದೆಂದು ಚೀಲದ ಬಾಯಿ ಬಿಗಿದು, ಅನ್ನದ ಪಾತ್ರೆಗಳನ್ನಿಡುವ ಕತ್ತಲೆಕೋಣೆಗೆ ಸೇರಿಸಿದ್ದ. ಶ್ರುತಿ ಪೆಟ್ಟಿಗೆ ಎಂದರೆ ಹಾರ್ಮೋನಿಯಮ್ಮಿನ ತಂಗಿ. ಹಾಡುವವರ ಹಿಂದೆ ಒಂದೇ ಸ್ವರ ಹಿಡಿದು ಕೂರುವುದಷ್ಟೇ ಅದರ ಕೆಲಸ. ಆ ದೃಶ್ಯವನ್ನೇ ಸುಮತಿ ಎರಡನೇ ಬಹುಮಾನದ ಭಾಷೆಯಲ್ಲಿ ಬರೆದಳು:

"ನಮ್ಮ ಶಾಲೆಯಿಂದ ಶ್ರುತಿಯನ್ನು ಹೊರಹಾಕಿದ್ದಾರೆ. ಹೇಳದೆ ಕೇಳದೆ ಗೋಣಿಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಕತ್ತಲೆಕೋಣೆಗೆ ಹಾಕಿ ಬೀಗ ಜಡಿದಿದ್ದಾರೆ. ಅದು ಯಾರಿಗೆ ಎಂತ ಅನ್ಯಾಯ ಮಾಡಿತ್ತು? ಇಂದು ನಾವು ಸುಮ್ಮನಿದ್ದರೆ ನಾಳೆ ನಮ್ಮ ಮಕ್ಕಳ ಗತಿಯೇನು? ದಯವಿಟ್ಟು ಎಲ್ಲರೂ ದನಿ ಎತ್ತಿ."

ಕಳಿಸಿ, ತಂಬುಳಿ ಅನ್ನ ಉಂಡು, ಮೊಬೈಲನ್ನು ಜಗಲಿಯಲ್ಲಿ ಚಾರ್ಜಿಗಿಟ್ಟು ಮಲಗಿದಳು.

ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಪಕ್ಕದ ಮನೆಯ ಮಾದೇವಿ ಅಂಗಳದಲ್ಲಿ ನಿಂತಿದ್ದಳು. ಮಹಿಳಾ ಸಂಘದ ಅಧ್ಯಕ್ಷೆ. ಸುಮತಿ ಸಂಜೆ ಹಾಡಿಕೊಳ್ಳುವಾಗ "ಅಕ್ಕೋರೆ, ಚೂರು ಸಣ್ಣ ಮಾಡಿ, ನಮ್ಗೆ ಸೀರಿಯಲ್ಲು ಕೇಳೂದಿಲ್ಲ" ಎಂದು ಬೇಲಿಯಾಚೆಯಿಂದ ಕೂಗುವವಳು ಇವಳೇ. ಈಗ ಕಣ್ಣು ಕೆಂಪಾಗಿತ್ತು.

"ಓದ್ದೆ ಅಕ್ಕೋರೆ. ರಾತ್ರಿ ಅನ್ನ ಗಂಟ್ಲಲ್ಲಿ ಇಳೀಲಿಲ್ಲ ನಂಗೆ."

ಸುಮತಿಯ ಕಣ್ಣೂ ತುಂಬಿತು. ಸಂಗೀತದ ಮೇಲೆ ಮಾದೇವಿಗೆ ಇಷ್ಟು ಪ್ರೀತಿಯಿದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ.

"ಎಷ್ಟು ವರ್ಷದಿಂದ ಇತ್ತು ಅದು ಶಾಲೆಲಿ?"

"ನಾನು ಬರೂಕಿಂತ ಮುಂಚೆಯಿಂದ್ಲೂ ಇತ್ತು."

"ಅಯ್ಯೋ ದೇವ್ರೇ! ಪಾಸು ಮಾಡ್ಸೂಕೆ ಆಗ್ಲೇ ಇಲ್ವಾ?"

"ನಾನು ಎಷ್ಟು ಹೇಳಿದ್ರೂ ಮಂಡಳಿಯವ್ರು ಪಾಸು ಮಾಡ್ಲಿಲ್ಲ ಮಾದೇವಿ."

"ಹಾಳಾದವ್ರು! ಆರೋಗ್ಯ ಆದ್ರೂ ಸಮ ಇತ್ತಾ?"

"ಮಳೆಗಾಲದಲ್ಲಿ ಮಾತ್ರ ಉಸಿರು ನಿಲ್ತಿರ್ಲಿಲ್ಲ. ಚರ್ಮ ಅಲ್ಲಲ್ಲಿ ಒಡೆದಿತ್ತು. ನಾನೇ ಎಣ್ಣೆ ಸವರ್ತಿದ್ದೆ."

"ದಮ್ಮು, ಮೇಲಿಂದ ಚರ್ಮದ ಕಾಯಿಲೆ," ಎಂದು ಮಾದೇವಿ ಮೂಗು ಒರೆಸಿಕೊಂಡಳು. "ಅದ್ಕೆ ಹಿಂದೆ ಮುಂದೆ ಯಾರೂ ಇಲ್ವಾ ಅಕ್ಕೋರೆ?"

"ಯಾರೂ ಇಲ್ಲ. ನಾನೊಬ್ಳೇ."

ಮಾದೇವಿ ಅವಳ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಏನೋ ಅರ್ಥವಾದವಳಂತೆ ತಲೆಯಾಡಿಸಿ, "ಆತು, ನಾ ಯಾರ ಹತ್ರನೂ ಹೇಳೂದಿಲ್ಲ" ಎಂದು ಹೋದಳು. ಮಾದೇವಿ ಹಾಗೆಂದರೆ ಸುದ್ದಿ ಸಂಜೆಯೊಳಗೆ ಭಟ್ಕಳ ಮುಟ್ಟುತ್ತದೆ ಎಂದೇ ಲೆಕ್ಕ.

ಇಲ್ಲಿ ವ್ಯಾಕರಣದ ಒಂದು ಮಾತು ಹೇಳಬೇಕು. ಈ ಸೀಮೆಯ ಹವ್ಯಕರ ಮನೆಗಳಲ್ಲಿ ಹೆಣ್ಣನ್ನು 'ಅವಳು' ಎನ್ನುವ ರೂಢಿಯಿಲ್ಲ. 'ಅದು' ಎನ್ನುತ್ತಾರೆ. ಅತ್ತೆ 'ಅದು', ಸೊಸೆ 'ಅದು', ಹಟ್ಟಿಯ ಆಕಳು 'ಅದು', ಅಟ್ಟದ ಮೇಲಿನ ಹಿತ್ತಾಳೆಯ ಹಂಡೆಯೂ 'ಅದು'. ಮಾತಾಡುವವರಿಗೆ ಯಾವುದು ಯಾವುದೆಂದು ಗೊತ್ತಿರುತ್ತದೆ, ಆದ್ದರಿಂದ ಯಾರಿಗೂ ತೊಂದರೆಯಿಲ್ಲ. ಸುಮತಿ ಅಕ್ಕೋರ ಮಾತಿನ ರೀತಿ ಊರಿಗೆಲ್ಲ ಗೊತ್ತು. ಅವರು 'ಅದು' ಎಂದು ಅಷ್ಟು ಮರುಗಿ ಬರೆದಿದ್ದಾರೆಂದರೆ ಅದು ಹೆಣ್ಣುಮಗುವಲ್ಲದೆ ಇನ್ನೇನು? ಪೆಟ್ಟಿಗೆಗಾಗಿ ಅಷ್ಟು ಮರುಗುವವರು ಯಾರು?

ಹತ್ತು ಗಂಟೆಗೆ ಭಟ್ಕಳದಿಂದ ಅತ್ತಿಗೆ ಶ್ರೀಗೌರಿಯ ಫೋನು ಬಂತು. ಅಣ್ಣನ ಹೆಂಡತಿ. ಚೌತಿಗೊಮ್ಮೆ ಫೋನು ಮಾಡುವುದು ಅವಳ ಪದ್ಧತಿ. ಇದು ಚೌತಿಯಲ್ಲ.

"ಎಂತದೇ ಸುಮತಿ, ಯಂಗೆ ಒಂದು ಮಾತು ಹೇಳಲಾಗಿತ್ತಿಲ್ಯಾ? ನಿನ್ನ ಅಣ್ಣಂಗೆ ಬೆಳಿಗ್ಗಿಂದ ದೋಸೆ ಸೇರ್ತಾ ಇಲ್ಲೆ. ಆ ಕೂಸು ಯಾರದ್ದು?"

"ಯಾವ ಕೂಸು ಅತ್ತಿಗೆ?"

"ಶ್ರುತಿ!"

ಸುಮತಿಗೆ ಆಗ ಹೊಳೆಯಿತು. "ಅಯ್ಯೋ ಅತ್ತಿಗೆ, ಅದು ಕೂಸಲ್ಲ!"

"ಕೂಸಲ್ದಾ? ಹಾಂಗಾರೆ ಮದುವೆನೂ ಆಗೋತಾ?" ಅತ್ತಿಗೆಯ ಮಾತಿನಲ್ಲಿ ಮದುವೆಯಾಗದ ಹುಡುಗಿಯೆಲ್ಲ ಕೂಸು.

"ಅದು ಪೆಟ್ಟಿಗೆ ಅತ್ತಿಗೆ, ಪೆಟ್ಟಿಗೆ!"

"ಪೆಟ್ಟಿಗೆ ಹಿಡ್ಕಂಡೇ ಬಂತಾ ನಿನ್ನ ಮನೆಗೆ? ಹಾಂಗಾರೆ ಗಟ್ಟಿ ಉಳಿಯಲೇ ಬೈಂದು," ಎಂದು ಅತ್ತಿಗೆ ಆ ಕಡೆ ಯಾರಿಗೋ ಹೇಳುವುದು ಕೇಳಿಸಿತು. ಮರುಕ್ಷಣ ಸ್ವರ ಮೆತ್ತಗಾಯಿತು. "ಆತು ಬಿಡು. ಆದ್ದು ಆಗೋತು. ಊಟಕ್ಕೆ ಕರ್ಕಂಡು ಬಾ ಅದನ್ನ ಒಂದಿನ."

ಸುಮತಿಯನ್ನು ಅತ್ತಿಗೆ ಊಟಕ್ಕೆ ಕರೆಯದೆ ಎಷ್ಟೋ ಕಾಲವಾಗಿತ್ತು.

ಗುಂಪು ತೆರೆದು ನೋಡಿದರೆ ಉರಿಯುವ ಮೇಣದಬತ್ತಿಗಳು, ಕೈ ಮುಗಿದ ಚಿತ್ರಗಳು. ಕಾಯ್ಕಿಣಿಯ ಯಾರೋ ಒಬ್ಬರು ಶ್ರುತಿಯನ್ನು ತಾನು ಮುರ್ಡೇಶ್ವರದ ಬಸ್ಸಿನಲ್ಲಿ ಕಂಡಿದ್ದಾಗಿಯೂ, ಎರಡು ಜಡೆ ಹಾಕಿತ್ತೆಂದೂ, ತಾನೇ ಕಿಟಕಿಯ ಸೀಟು ಬಿಟ್ಟುಕೊಟ್ಟದ್ದಾಗಿಯೂ ಬರೆದಿದ್ದರು. ಸುಮತಿ ಗಾಬರಿಯಿಂದ, ಈ ಸಲ ಅಲಂಕಾರವಿಲ್ಲದೆ, "ಶ್ರುತಿ ಎಂಬ ಹುಡುಗಿ ನಮ್ಮ ಶಾಲೆಯಲ್ಲಿ ಇಲ್ಲವೇ ಇಲ್ಲ" ಎಂದು ಬರೆದಳು.

ಬೆಂಕಿಗೆ ತುಪ್ಪ ಹೊಯ್ದಂತಾಯಿತು. "ನೋಡಿ, ಅಕ್ಕೋರ ಕೈಯಲ್ಲೇ ಇಲ್ಲ ಅಂತ ಬರೆಸಿದ್ರು!" "ಹೆಸರನ್ನೇ ಅಳಿಸಿದ್ರು!" ಮಾದೇವಿ ತಡಮಾಡಲಿಲ್ಲ. ಮಕ್ಕಳ ಸಹಾಯವಾಣಿಗೆ ಫೋನು ಮಾಡಿ ದೂರು ಕೊಟ್ಟಳು. ತನ್ನ ಮೊಬೈಲಿಗೆ ರೀಚಾರ್ಜ್ ಮುಗಿಯುತ್ತಾ ಬಂದದ್ದರಿಂದ, ದೂರುದಾರರ ನಂಬರು ಎಂದು ಸುಮತಿಯದನ್ನೇ ಕೊಟ್ಟಳು.

ಮರುದಿನ ಶಾಲೆಯ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ವಾರ್ಷಿಕೋತ್ಸವಕ್ಕೆ ಸುಮತಿ ಮಕ್ಕಳಿಂದ ಹಾಡಿಸುವಾಗ ಕುರ್ಚಿಗಳು ಬಾಡಿಗೆಗೆ ಬಂದವು ಬಂದ ಹಾಗೇ ಮರಳುತ್ತಿದ್ದವು. ಇವತ್ತು ಜನ ಕಟ್ಟೆಯ ಮೇಲೂ ಹತ್ತಿ ನಿಂತಿದ್ದರು. ಮಹಿಳಾ ಸಂಘದವರು ಶ್ರುತಿಗೆಂದು ಹೊಸ ಸಮವಸ್ತ್ರ ತಂದಿದ್ದರು. ಅಳತೆ ಗೊತ್ತಿಲ್ಲದ್ದರಿಂದ ದೊಡ್ಡದೊಂದು, ಸಣ್ಣದೊಂದು.

ಒಳಗೆ ಮುಖ್ಯಾಧ್ಯಾಪಕ ಬೊಮ್ಮಯ್ಯ ನಾಯ್ಕರು ಹಾಜರಿ ಪುಸ್ತಕಗಳ ನಡುವೆ ಬೆವರುತ್ತ ಕೂತಿದ್ದರು. ಮಂಡಳಿಯ ಅಧ್ಯಕ್ಷ ಕೃಷ್ಣಾನಂದ ಶಾನಭಾಗರು, ಹೊನ್ನಾವರದಲ್ಲಿ ಟೈಲ್ಸ್ ಅಂಗಡಿಯವರು, ಎದುರಿಗೆ ನಿಂತಿದ್ದರು.

"ಮಾಸ್ತರೆ, ಯಾರು ಈ ಶ್ರುತಿ?"

"ಇಲ್ಲ ಸಾರ್. ಯಾವ ತರಗತಿಲೂ ಇಲ್ಲ."

"ಇಲ್ಲದ ಮಗುನ ಹ್ಯಾಂಗೆ ತೆಗೆದ್ರಿ ಮಾರಾಯ್ರೆ?"

"ತೆಗೆದದ್ದಕ್ಕೇ ಇಲ್ವೇನೋ ಸಾರ್," ಎಂದರು ಬೊಮ್ಮಯ್ಯನವರು. ಅವರಿಗೂ ಈಗ ತಮ್ಮ ಮೇಲೇ ನಂಬಿಕೆ ಹೋಗಿತ್ತು.

ಸಹಾಯವಾಣಿಯ ದೂರು ವಿಚಾರಿಸಲು ಬಂದ ಉಮಾ ಮೇಡಂ ಮೊಬೈಲಿನಲ್ಲಿ ಇಲಾಖೆಯ ಆ್ಯಪು ತೆರೆದು ಕೂತರು. ಚುರುಕಿನ ಹೆಂಗಸು. ಯಾರ ಉತ್ತರವನ್ನೂ ಪೂರ್ತಿ ಕೇಳುವಷ್ಟು ಪುರುಸೊತ್ತು ಅವರಿಗಿರಲಿಲ್ಲ. ಮಧ್ಯಾಹ್ನ ಕತಗಾಲದಲ್ಲಿ ಇನ್ನೊಂದು ಭೇಟಿಯಿತ್ತು.

"ದೂರು ನಿಮ್ದು ಅಲ್ವಾ ಅಕ್ಕೋರೆ? ಮಗು ಕೊನೆಗೆ ಎಲ್ಲಿತ್ತು?"

"ಮೇಡಂ, ಅದು ಮಗು ಅಲ್ಲ, ಅದು..."

"ಹದಿನೆಂಟರ ಒಳಗಿದ್ರೆ ಎಲ್ಲಾ ಮಗುನೇ. ಎಲ್ಲಿತ್ತು ಹೇಳಿ."

"ಸಂಗೀತದ ಕೋಣೆಲಿ. ಕಿಟಕಿ ಹತ್ರ. ಆದ್ರೆ ಮೇಡಂ, ಅದೊಂದು ಪೆಟ್ಟಿಗೆ..."

"ಪೆಟ್ಟಿಗೆ ಒಳಗೆ ಇಟ್ಟಿದ್ರಾ!" ಉಮಾ ಮೇಡಂ ಅಧ್ಯಕ್ಷರ ಕಡೆ ನೋಡಿದ ನೋಟಕ್ಕೆ ಕೃಷ್ಣಾನಂದರು "ಕಸಲೆಂ ಮಾರಾಯಾ ಹೇಂ!", ಇದೆಂತದು ಮಾರಾಯಾ, ಎಂದು ಕೊಂಕಣಿಯಲ್ಲೇ ಕುಸಿದು ಕೂತರು. ಮೇಡಂ ಓದುತ್ತ ಬರೆದರು: "ಮಗು ಕೊನೆಗೆ ಇದ್ದ ಸ್ಥಳ: ಸಂಗೀತ ಮತ್ತು ಗ್ರಂಥಾಲಯದ ಕೋಣೆ. ಪ್ರಕರಣ ಮುಗಿಯುವವರೆಗೆ ಕೋಣೆಯ ಯಾವ ವಸ್ತುವನ್ನೂ ಕದಲಿಸಬಾರದು. ಮಗು ಯಾವಾಗ ಮರಳಿದರೂ ಒಳಗೆ ಬರುವಂತೆ ಶಾಲೆಯ ವೇಳೆಯಲ್ಲಿ ಬಾಗಿಲು ತೆರೆದಿರಬೇಕು. ಮಗುವಿಗೆ ಪರಿಚಯವಿರುವ ಶಿಕ್ಷಕಿ ಅಲ್ಲಿ ಹಾಜರಿರಬೇಕು." ಒತ್ತಿದರು. ಹೋಯಿತು. "ಈಗ ಆ ಕತ್ತಲೆಕೋಣೆ ತೋರಿಸಿ."

ಶುಕ್ರ ಬೀಗ ತೆಗೆದ. ಅನ್ನದ ಪಾತ್ರೆಗಳ ಹಿಂದೆ, ಬಾಯಿ ಕಟ್ಟಿದ ಗೋಣಿಚೀಲ. ಮಾದೇವಿ "ಅಯ್ಯೋ ನನ್ನ ಮಗಳೇ" ಎಂದು ನುಗ್ಗಿ ಹಗ್ಗ ಬಿಚ್ಚಿದಳು. ಚೀಲ ಜಾರಿತು.

ಕಂದು ಬಣ್ಣದ ಮರದ ಪೆಟ್ಟಿಗೆ. ಹಿತ್ತಾಳೆಯ ಕೊಂಡಿ.

ಮಾದೇವಿ ಚೀಲದೊಳಗೆ ಇನ್ನೊಮ್ಮೆ ಕೈ ಹಾಕಿ ನೋಡಿದಳು.

"ಇದೇ ಶ್ರುತಿ," ಎಂದಳು ಸುಮತಿ.

ಇಷ್ಟು ಜನ ಅವಳ ಮಾತನ್ನು ಇಷ್ಟು ಮೌನವಾಗಿ ಕೇಳಿದ್ದು ಅವಳ ಜೀವನದಲ್ಲಿ ಮೊದಲು. ಏನಾದರೂ ಹೇಳಬೇಕೆನ್ನಿಸಿತು. ಹೇಳುವ ಬದಲು ಕೂತು, ಕೊಂಡಿ ಬಿಚ್ಚಿ, ತಿದಿಯನ್ನು ಮೆಲ್ಲಗೆ ಒತ್ತಿದಳು. ಸ್ವರ ಹೊರಟಿತು. ಮೊದಲು ಚೂರು ಕೆಮ್ಮಿದಂತೆ, ಆಮೇಲೆ ದಪ್ಪಗೆ, ಒಂದೇ ಸಮನೆ. ಜನ ಕಾದರು. ಇನ್ನೇನು ಶುರುವಾಗುತ್ತದೆ ಎಂದು ಕಾದರು.

"ಮುಂದೆ ಎಂತ ಅಕ್ಕೋರೆ?" ಎಂದಳು ಮಾದೇವಿ.

"ಇಷ್ಟೇ. ಇದು ಹೀಂಗೇ ಇರ್ತದೆ."

"ಮತ್ತೆ ಹಾಡು?"

"ಹಾಡು ನೀವು ಹೇಳ್ಬೇಕು."

ಯಾರಿಗೋ ಗ್ಯಾಸಿನ ಗಾಡಿ ಬರುವುದಿತ್ತು, ಯಾರದೋ ಅಕ್ಕಿ ಒಲೆಯ ಮೇಲಿತ್ತು. "ಇದ್ಕೆ ನಾನು ಅನ್ನ ಬಿಟ್ಟದ್ದಾ!" ಎಂದು ಮಾದೇವಿ ಸೆರಗು ಕೊಡವಿದಳು. ಕಾಯ್ಕಿಣಿಯಿಂದ ಬಂದವರು, ತಾವು ಕಂಡದ್ದು ಬೇರೆ ಶ್ರುತಿಯಾಗಿರಬೇಕು ಎಂದು ಇಬ್ಬರಿಗೆ ವಿವರಿಸುತ್ತ ಬೈಕು ಏರಿದರು. ಸಂಘದವರು ಎರಡೂ ಸಮವಸ್ತ್ರಗಳನ್ನು ಎಣಿಸಿ ವಾಪಸ್ ಒಯ್ದರು. ತಿದಿಯಲ್ಲಿದ್ದ ಗಾಳಿ ಮುಗಿಯುವಷ್ಟರಲ್ಲಿ ಅಂಗಳದಲ್ಲಿ ಉಳಿದದ್ದು ಶುಕ್ರ ಮತ್ತು ಗೋಣಿಚೀಲ. "ಕಟ್ಟೂದಾ ಅಕ್ಕೋರೆ?" ಎಂದು ಅವನು ಕೇಳಿದ.

ಉಮಾ ಮೇಡಂ ಆಗಲೇ ಕತಗಾಲದ ದಾರಿಯಲ್ಲಿದ್ದರು.

ಅವರು ಹೋದರೂ ಅವರು ಬರೆದದ್ದು ಹೋಗಲಿಲ್ಲ. ಬೊಮ್ಮಯ್ಯನವರಿಗೆ ಸರಕಾರಿ ಆದೇಶ ಎಂದರೆ ದೇವರ ಪ್ರಸಾದ. ರುಚಿ ನೋಡುವ ಹಾಗಿಲ್ಲ, ನುಂಗಬೇಕು. ಮರುದಿನ ಬೆಳಿಗ್ಗೆ ಅವರೇ ಬಂದು ಕೋಣೆಯ ಬೀಗ ತೆಗೆಸಿದರು. "ಮಗುವಿಗೆ ಪರಿಚಯವಿರುವ ಶಿಕ್ಷಕಿ ನೀವೇ ಅಲ್ದಾ ಅಕ್ಕೋರೆ, ಕೂತ್ಕಳಿ. ಸಂಬಳ ಮಾತ್ರ ಕೇಳಬೇಡಿ." ಸುಮತಿ ಕೂತಳು. ಎರಡನೇ ತಾಸಿಗೆ ಎಂಟನೆಯ ಹುಡುಗಿಯರು ಬಾಗಿಲಲ್ಲಿ ಇಣುಕಿದರು. ಮೂರನೇ ತಾಸಿಗೆ ನೆಲದ ಮೇಲೆ ಕಾಲು ಚಾಚಿ, ಅರ್ಧಕ್ಕೆ ಬಿಟ್ಟ ಪುಸ್ತಕ ಹುಡುಕಿ ತೆಗೆದರು. ಒಬ್ಬಳು ಪುಟ ತಿರುಗಿಸಿ, "ಅಕ್ಕೋರೆ, ನೀವು ಡೈರಿ ಹತ್ರ ಹೇಳಿದ್ದು ಇದ್ರಲ್ಲಿ ಇಲ್ವೇ ಇಲ್ಲ!" ಎಂದಳು. ಸುಮತಿ ನಾಚಿದಳು. ಆ ಸಂಜೆ ಹೊರಡುವಾಗ ಹಾಡಿದ್ದಕ್ಕೆ ಅವಳ ಗಂಟಲು ನೋಯುತ್ತಿತ್ತು.

ಮನೆಗೆ ಬಂದರೆ ಫೋನು ಸುಮ್ಮನಿತ್ತು. ಗುಂಪಿನಲ್ಲಿ ಈಗ ಬಂಗುಡೆಯ ದರದ ಚರ್ಚೆ. ಮಾದೇವಿ ಬೇಲಿಯಾಚೆ ಬೇರೆ ಕಡೆ ಮುಖ ಮಾಡಿ ಬಟ್ಟೆ ಒಣಹಾಕುತ್ತಿದ್ದಳು. ಊಟಕ್ಕೆ ಯಾವತ್ತು ಬರಲಿ ಎಂದು ಸುಮತಿ ಭಟ್ಕಳಕ್ಕೆ ಫೋನು ಮಾಡಿದಳು. "ಪೆಟ್ಟಿಗೆಯಡ ಅಲ್ದನೇ!" ಎಂದು ಅತ್ತಿಗೆ ನಕ್ಕೂ ನಕ್ಕೂ ಕೆಮ್ಮಿದಳು. ಊಟದ ಮಾತೆತ್ತಲಿಲ್ಲ.

ಶನಿವಾರ ಮತ್ತೆ ಎಲ್ಲರೂ ಫೋನು ಮಾಡಿದರು. ಸ್ಮಾರ್ಟ್ ಕ್ಲಾಸಿನ ಪರದೆ ಬಂದು ಇಳಿದಿತ್ತು. ಪ್ರಕರಣ ಮುಗಿಯದೆ ಕೋಣೆ ಮುಟ್ಟುವ ಹಾಗಿಲ್ಲ ಎಂದು ಬೊಮ್ಮಯ್ಯನವರು ಅಧ್ಯಕ್ಷರಿಗೆ ಹೇಳಿದ್ದರು. ಅಧ್ಯಕ್ಷರು ಉಮಾ ಮೇಡಂಗೆ ಹೇಳಿದ್ದರು. ಮೇಡಂ ಸುಮತಿಗೆ ಹೇಳಿದರು:

"ಅಕ್ಕೋರೆ, ನಮ್ಮ ಆ್ಯಪಿನಲ್ಲಿ ಇರೂದೇ ಎರಡು. 'ಮಗು ಶಾಲೆಗೆ ಮರಳಿದೆ', 'ಮರಳಿಲ್ಲ'. 'ಮಗುವೇ ಅಲ್ಲ' ಅಂತ ಇಲ್ಲ. ನಾನು 'ಮರಳಿದೆ' ಅಂತ ಒತ್ತಿ ಮುಗಿಸ್ತೆ. ದೂರು ಕೊಟ್ಟ ನಂಬರಿಗೆ ಒಂದು ಓಟಿಪಿ ಬರ್ತದೆ. ಅದೊಂದು ಹೇಳಿ ಸಾಕು."

"ಆತು ಮೇಡಂ," ಎಂದಳು ಸುಮತಿ.

ಅಷ್ಟರಲ್ಲಿ ಕೃಷ್ಣಾನಂದರ ಫೋನು: "ಅಕ್ಕೋರೆ, ಒಂದು ನಂಬರು ಹೇಳೂದು ಅಷ್ಟೇ. ನಿಮ್ಗೆ ಸನ್ಮಾನ ಮಾಡ್ವ. ಶಾಲು, ಹಣ್ಣು, ಎಲ್ಲಾ." ಬೊಮ್ಮಯ್ಯನವರದ್ದು: "ಹೇಳಿಬಿಡಿ ಅಕ್ಕೋರೆ, ನಾನು ಮುಂದಿನ ವರ್ಷ ನಿವೃತ್ತಿ." ಮಾದೇವಿಯಂತೂ ಬೇಲಿಯವರೆಗೆ ಬಂದು ಮೂರು ದಿನದ ಮೌನ ಮುರಿದಳು: "ಆ ಪೆಟ್ಟಿಗೆ ಸಲುವಾಗಿ ಇಡೀ ಊರಿನ ಮರ್ಯಾದೆ ತೆಗೀಬೇಡಿ. ಹೇಳಿ ಮುಗ್ಸಿ."

ಎಲ್ಲರಿಗೂ ಸುಮತಿ "ಆತು" ಎಂದಳು. ಆತು ಎನ್ನುವುದು ಅವಳಿಗೆ ಮೊದಲಿನಿಂದ ಅಭ್ಯಾಸ.

ಮೊಬೈಲು ಟಿಣ್ ಎಂದಿತು. ಆರು ಅಂಕಿ. ಕೆಳಗೆ ಶುದ್ಧ ಕನ್ನಡದಲ್ಲಿ ಒಂದು ಸಾಲು: "ಈ ಸಂಖ್ಯೆಯನ್ನು ದಯವಿಟ್ಟು ಯಾರಿಗೂ ತಿಳಿಸಬೇಡಿ."

ಸುಮತಿ ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ಓದಿದಳು. ಅಲಂಕಾರವಿರಲಿಲ್ಲ. ಎರಡರ್ಥವೂ ಇರಲಿಲ್ಲ.

ಉಮಾ ಮೇಡಂ ಮತ್ತೆ ಕರೆ ಮಾಡಿದರು. "ಬಂತಾ ಅಕ್ಕೋರೆ? ಬೇಗ ಹೇಳಿ, ಹತ್ತು ನಿಮಿಷಕ್ಕೆ ಅದು ಹಾಳಾಗ್ತದೆ."

"ಇಲ್ಲ ಮೇಡಂ. ನಮ್ಮಲ್ಲಿ ನೆಟ್‌ವರ್ಕು ಗೊತ್ತಲ್ಲ. ಇನ್ನೂ ಬಂದಿಲ್ಲ."

"ಆತು, ಸೋಮವಾರ ಮತ್ತೆ ಕಳಿಸ್ತೆ. ಅಲ್ಲಿವರೆಗೆ ಮರಳಿಲ್ಲ ಅಂತಲೇ ಇರ್ಲಿ."

"ಇರ್ಲಿ ಮೇಡಂ."

ಓಟಿಪಿ ಸೋಮವಾರವೂ ಬರುವುದಿಲ್ಲ, ಅದರ ಮುಂದಿನ ಸೋಮವಾರವೂ ಬರುವುದಿಲ್ಲ ಎಂದು ಸುಮತಿಗೆ ಆಗಲೇ ಗೊತ್ತಾಗಿತ್ತು. ಬೇಲಿಯ ಹತ್ತಿರ ಮಾದೇವಿ ಇನ್ನೂ ನಿಂತಿದ್ದಳು. "ಮುಗೀತಾ ಅಕ್ಕೋರೆ?" ಎಂದು ಕೇಳಿದಳು. ಸುಮತಿ ನಗುತ್ತ ತಲೆಯಾಡಿಸಿದಳು. ಹೌದೆಂದೋ ಅಲ್ಲವೆಂದೋ ಮಾದೇವಿಗೆ ತಿಳಿಯಲಿಲ್ಲ. ಸುಮತಿ ಒಳಗೆ ಬಂದು, ಬಾಗಿಲು ಮುಂದೆ ಮಾಡಿ, ಆರೂ ಅಂ‍ಕಿಗಳನ್ನು ಮೆಲ್ಲಗೆ ಅಳಿಸಿದಳು.